ಮಾರ್ಚ್ ಕೊನೆಯ ವಾರ ಪೀಣ್ಯಕ್ಕೆ ಬಂದ ಫೋನು

ನಮಸ್ಕಾರ. ನಾನೂ ಲೆಕ್ಕ ಬರೆಯುವವನೇ. ಹಾಗಾಗಿ ಈವತ್ತು ನಮ್ಮ ಅಕೌಂಟೆಂಟ್ ಗೆಳೆಯರ ಜೊತೆ ನೇರವಾಗಿಯೇ ಮಾತಾಡುತ್ತೇನೆ.

2024ರ ಮಾರ್ಚ್ ಕೊನೆಯ ವಾರ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡಿರುವ ನನ್ನ ಸ್ನೇಹಿತನಿಗೆ ಒಂದು ಫೋನ್ ಬಂತು. ಅವನು ಜಾಬ್ ವರ್ಕ್ ಮಾಡಿಕೊಡುವ ಕಂಪನಿಯ ಅಕೌಂಟ್ಸ್‌ನಿಂದ. ಡಿಸೆಂಬರ್ ಬಿಲ್ಲಿನ ದುಡ್ಡು ಇನ್ನೂ ಬಂದಿರಲಿಲ್ಲ. ಅದರ ವಿಚಾರವೇ ಇರಬೇಕು ಅಂದುಕೊಂಡು ಎತ್ತಿದ. "ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಿ. ಇಲ್ಲಾಂದ್ರೆ ಮುಂದಿನ ಆರ್ಡರ್ ಕಷ್ಟ" ಅಂದರಂತೆ. ಉದ್ಯಮ್ ಅಂದರೆ ಸಣ್ಣ, ಮಧ್ಯಮ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ. ಎಣ್ಣೆ ಕೈಯಲ್ಲೇ ಫೋನ್ ಹಿಡಿದು ಸುಮ್ನೆ ನಿಂತುಬಿಟ್ಟ.

ಹೀಗೆ ಫೋನ್ ಮಾಡಿಸಿದ್ದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್). 2023-24ರ ಲೆಕ್ಕದಿಂದ ಜಾರಿಗೆ ಬಂತು. ಉದ್ಯಮ್ ನೋಂದಣಿ ಇರುವ ಮೈಕ್ರೋ ಮತ್ತು ಸ್ಮಾಲ್ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಗಡುವಿನೊಳಗೆ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಕೊಟ್ಟ ವರ್ಷವೇ ಖರ್ಚು. ಎಷ್ಟೊಂದು ಅಕೌಂಟೆಂಟ್‌ಗಳು ಇದನ್ನು ಅರ್ಧಂಬರ್ಧ ಓದಿಕೊಂಡಿದ್ದಾರೆ ಅಂದರೆ ನನಗೆ ನಿಜಕ್ಕೂ ಬೇಜಾರು.

ಎಲ್ಲರಿಗೂ 45 ದಿನ ಅಂತಾರೆ. ಅಲ್ಲ. ಲಿಖಿತ ಒಪ್ಪಂದ ಇದ್ದರೆ ಮಾತ್ರ 45 ದಿನದವರೆಗೆ, ಇಲ್ಲದಿದ್ದರೆ 15 ದಿನ. ರಿಟರ್ನ್ ಹಾಕುವ ಮೊದಲು ಕೊಟ್ಟರಾಯಿತು ಅಂತಾರೆ. ಜಿಎಸ್‌ಟಿ, ಬೋನಸ್‌ಗೆ ಆ ಸೌಲಭ್ಯ ಇದೆ, ಇದಕ್ಕೆ ಇಲ್ಲ. ಇನ್ನು ಕೆಲವರು ಹೆದರಿ ಮಾರ್ಚ್ 31ರ ಬಾಕಿಯನ್ನೆಲ್ಲ ಡಿಸ್‌ಅಲೋ ಮಾಡಿ, ಅಂದರೆ ಖರ್ಚಿನ ಲೆಕ್ಕದಿಂದ ತೆಗೆದುಬಿಡುತ್ತಾರೆ. ಮಾರ್ಚ್ 20ಕ್ಕೆ ಮಾಲು ಬಂದಿದೆ, 45 ದಿನದ ಒಪ್ಪಂದ ಇದೆ, ಮೇ 4ರೊಳಗೆ ಕೊಟ್ಟಿದ್ದಾರೆ ಅಂದರೆ ಅದು ಆ ವರ್ಷದ್ದೇ ಖರ್ಚು. ಮೀಡಿಯಂ ಕಂಪನಿಗಳಿಗೆ ಕೊಡಬೇಕಾದ ಹಣಕ್ಕೆ ಈ ನಿಯಮ ಅನ್ವಯಿಸುವುದೇ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ನನ್ನ ಸ್ನೇಹಿತನಂಥವನೊಬ್ಬ ಫೆಬ್ರವರಿ 1ಕ್ಕೆ 4 ಲಕ್ಷದ ಕೆಲಸ ಮುಗಿಸಿಕೊಟ್ಟ ಅಂದುಕೊಳ್ಳಿ. ಒಪ್ಪಂದ ಇಲ್ಲ. 16ಕ್ಕೆ ಗಡುವು ಮುಗಿಯಿತು, ಮಾರ್ಚ್ 31ಕ್ಕೂ ದುಡ್ಡು ಹೋಗಿಲ್ಲ. ಶೇ. 22ರ ದರ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಶೇ. 25.168. ಅಂದರೆ 1,00,672 ರೂಪಾಯಿ ಜಾಸ್ತಿ ತೆರಿಗೆ. ಏಪ್ರಿಲ್‌ನಲ್ಲಿ ಕೊಟ್ಟರೆ ಮುಂದಿನ ವರ್ಷ ಆ 4 ಲಕ್ಷ ಖರ್ಚಿಗೆ ಸಿಗುತ್ತದೆ. ಇದು ತಿರುಗಿ ಬರುವ ನಷ್ಟ.

ತಿರುಗಿ ಬಾರದ್ದು ಇನ್ನೊಂದಿದೆ. ಅದರ ಬಗ್ಗೆ ದುಡ್ಡು ಕೊಡಬೇಕಾದ ಕಂಪನಿಯ ಮಾಲೀಕರಿಗೆ ಯಾರೂ ಹೇಳುವುದಿಲ್ಲ. ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ತಡವಾದ ಹಣಕ್ಕೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಮಾರ್ಚ್‌ನಲ್ಲಿ ಬ್ಯಾಂಕ್ ದರ ಶೇ. 6.75 ಇತ್ತು, ಹಾಗಾಗಿ ಬಡ್ಡಿ ಶೇ. 20.25. ಅದೇ ಕಾಯ್ದೆಯ ಸೆಕ್ಷನ್ 23 ಹೇಳುತ್ತದೆ: ಈ ಬಡ್ಡಿ ಯಾವ ವರ್ಷದಲ್ಲೂ ಖರ್ಚು ಅಲ್ಲ. ಇವೆರಡನ್ನು ಬೇರೆಬೇರೆ ಮಾಡಿ ಮಾಲೀಕರ ಮುಂದೆ ಇಡುವುದು ನಮ್ಮ ಕೆಲಸ ಅಲ್ವಾ? ಇಟ್ಟರೆ ಅವರೇ "ಮೊದಲು ಅವರ ದುಡ್ಡು ಕೊಟ್ಟುಬಿಡಿ" ಅಂತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ನಮ್ಮವರು ಸಲಹೆ ಕೊಟ್ಟಿದ್ದೇನು? ಉದ್ಯಮ್ ನಂಬರ್ ಇರುವವರನ್ನು ಬಿಟ್ಟುಬಿಡಿ, ದೊಡ್ಡವರ ಹತ್ತಿರ ಖರೀದಿಸಿ ಅಂತ. ಸಣ್ಣವರಿಗೆ ದುಡ್ಡು ಬೇಗ ಸಿಗಲಿ ಅಂತ ಬಂದ ನಿಯಮವನ್ನು ಅವರ ಕತ್ತಿಗೇ ತಂದಿಟ್ಟೆವು.

ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಈ ನಿಯಮ ಉಳಿದಿದೆ. ಮಾರ್ಚ್‌ವರೆಗೆ ಕಾಯಬೇಡಿ. ಬಿಲ್ ಎಂಟ್ರಿ ಮಾಡುವಾಗಲೇ ಉದ್ಯಮ್ ನಂಬರ್, ಮಾಲು ಒಪ್ಪಿಕೊಂಡ ದಿನ, ಗಡುವಿನ ದಿನ, ಈ ಮೂರನ್ನೂ ಬರೆದಿಡಿ. ಪ್ರತಿ ಸೋಮವಾರ ಬೆಳಿಗ್ಗೆ ಆ ಪಟ್ಟಿಯನ್ನು ಪೇಮೆಂಟ್ ಮಾಡುವವರ ಟೇಬಲ್ ಮೇಲಿಡಿ.

ನನ್ನ ಸ್ನೇಹಿತ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಲಿಲ್ಲ. ಡಿಸೆಂಬರ್ ಬಿಲ್ಲಿನ ದುಡ್ಡು ಮೇ ತಿಂಗಳಲ್ಲಿ ಬಂತು. ಬಡ್ಡಿ ಬರಲಿಲ್ಲ, ಅವನು ಕೇಳಲೂ ಇಲ್ಲ. ಆರ್ಡರ್ ನಿಂತುಹೋದೀತು ಅಂತ ಭಯ.