ಮನೆಗಿಂತ ಮೊದಲು ಜಾಗ ಕೇಳಿ, ಶಾಸಕರೇ

ಕೇಳುಗರೇ, ನಮಸ್ಕಾರ.

ಬೆಳಗಾವಿ ಅಧಿವೇಶನದಲ್ಲಿ ಬಡವರ ಮನೆ ಬಗ್ಗೆ ನಮ್ಮ ಶಾಸಕರು ಎದ್ದು ನಿಂತರೆ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು. ನಮ್ಮ ಕ್ಷೇತ್ರಕ್ಕೆ ಇನ್ನಷ್ಟು ಮನೆ ಕೊಡಿ ಅಂತ. ಕೇಳಲಿ, ಬೇಡ ಅನ್ನೋಲ್ಲ. ಆದರೆ ಮನೆ ಕಟ್ಟೋದು ಎಲ್ಲಿ?

ದೇವರಾಜ ಅರಸು ವಸತಿ ಯೋಜನೆ ತಗೊಳ್ಳಿ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಅಲೆಮಾರಿಗಳು, ಲಿಂಗತ್ವ ಅಲ್ಪಸಂಖ್ಯಾತರು, ಹೀಗೆ ಯಾರೂ ಕೇಳದವರಿಗೆಂದೇ ಇರುವ ಯೋಜನೆ ಅದು. ಪಟ್ಟಿ ಬಹಳ ಚೆನ್ನಾಗಿದೆ. ಆದರೆ ಮನೆ ಮಂಜೂರಾಗಲು ಜಾಗ ಮೊದಲೇ ಇರಬೇಕು. ದೇವದಾಸಿ ಪದ್ಧತಿ ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಆ ಪದ್ಧತಿಯಿಂದ ಹೊರಬಂದ ಎಷ್ಟೋ ತಾಯಂದಿರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಹಳ್ಳಿಗಳಲ್ಲಿ ಇವತ್ತಿಗೂ ಅಣ್ಣತಮ್ಮಂದಿರ ಮನೆಯ ಒಂದು ಮೂಲೆಯಲ್ಲೋ, ಪತ್ರಾಸ್ ಶೆಡ್ಡಿನಲ್ಲೋ ಇದ್ದಾರೆ. ಜಾಗದ ದಾಖಲೆ, ಅಂದರೆ ಉತಾರ, ಅಣ್ಣನ ಹೆಸರಿಗೆ. ಅರ್ಜಿ ಅಲ್ಲೇ ನಿಂತಿತು!

ಸರ್ಕಾರಿ ಜಾಗ ಇಲ್ಲದ ಕಡೆ ಖಾಸಗಿ ಹೊಲ ಕೊಂಡು ಪ್ಲಾಟ್ ಹಾಕಬಹುದು, ಅದಕ್ಕೂ ದಾರಿ ಇದೆ. ಆದರೆ ಆಲಮಟ್ಟಿ, ಮುಳವಾಡ ಏತ ನೀರಾವರಿ ಅಂತ ನೀರು ಬಂದ ಮೇಲೆ ಹೊಲದ ಬೆಲೆ ಎಲ್ಲಿಗೋ ಹೋಗಿದೆ. ಸರ್ಕಾರಿ ದರಕ್ಕೆ ಊರ ಹತ್ತಿರದ ಹೊಲ ಯಾರು ಕೊಡುತ್ತಾರೆ, ನೀವೇ ಹೇಳಿ.

ಇನ್ನು ದುಡ್ಡಿನ ಮಾತು. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಸರಿಯಾದ ಕೆಲಸ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮಾತ್ರ 2016ರಿಂದಲೂ ಬಯಲು ಪ್ರದೇಶದ ಮನೆಗೆ 1.20 ಲಕ್ಷವೇ. ಹೊಳೆ ಒಯ್ದ ಮನೆ ಮತ್ತೆ ಕಟ್ಟಲು 5 ಲಕ್ಷ ಬೇಕು ಅಂತಾದರೆ, ಮನೆಯೇ ಇಲ್ಲದವರಿಗೆ 1.20 ಲಕ್ಷ ಹೇಗೆ ಸಾಕಾಗುತ್ತದೆ? ಗೌಂಡಿ ಏನು ಇವರಿಗೆ ಕಡಿಮೆ ಕೂಲಿಗೆ ಬರ್ತಾನಾ? ರಾಜ್ಯದ ಯೋಜನೆಗಳಲ್ಲಿ ತಳಪಾಯ ಹಾಕಿ ಫೋಟೋ ತೆಗೆಸಿದ ಮೇಲೆ ಮೊದಲ ಕಂತು. ಆ ತಳಪಾಯಕ್ಕೇ ಬಡ್ಡಿ ಸಾಲ ಮಾಡಬೇಕು.

ಆಗೋದಿಲ್ಲ ಅನ್ನುವವರು ಲಂಬಾಣಿಗರ ತಾಂಡಾಗಳನ್ನು ನೋಡಲಿ. ಶಾಸನಸಭೆ ಭೂಸುಧಾರಣಾ ಕಾಯ್ದೆ ತಿದ್ದಿ, ದಾಖಲೆಯಿಲ್ಲದ ಜನವಸತಿಗಳಲ್ಲಿ ಇದ್ದವರಿಗೆ ಅವರು ಇರುವ ಮನೆಜಾಗದ ಹಕ್ಕು ಸಿಗುವಂತೆ ಮಾಡಿತು. 2023ರ ಜನವರಿಯಲ್ಲಿ ವಿಜಯಪುರವೂ ಸೇರಿ 5 ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅಂದರೆ ಶಾಸಕರು ಮನಸ್ಸು ಮಾಡಿದರೆ ಜಾಗದ ಗಂಟು ಬಿಚ್ಚುತ್ತದೆ ಅಲ್ವಾ?

ಹಾಗಾಗಿ ಈ ಸಲ ಸುವರ್ಣಸೌಧದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ ಹಾಕಲಿ. ಪ್ರತಿ ಪಂಚಾಯಿತಿಯಲ್ಲಿ ಜಾಗವೇ ಇಲ್ಲದವರು ಎಷ್ಟು, ಅದರಲ್ಲಿ ಒಂಟಿ ಹೆಣ್ಣುಮಕ್ಕಳು ಎಷ್ಟು, ಪ್ಲಾಟಿಗೆ ಸಿಗುವ ಸರ್ಕಾರಿ ಜಮೀನು ಎಷ್ಟು. ಸುಮ್ನೆ ಭಾಷಣಕ್ಕಿಂತ ಈ ಪ್ರಶ್ನೆಗೆ ಜಾಸ್ತಿ ತೂಕ. ಮಂತ್ರಿಗಳು ಉತ್ತರ ಕೊಡಲೇಬೇಕಲ್ಲ.

ಇನ್ನೊಂದು, ಇದಕ್ಕೆ ಖರ್ಚೂ ಇಲ್ಲ. ಹೆಚ್ಚಿನ ವಸತಿ ಯೋಜನೆಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಅವತ್ತು ಈ ಜಾಗವಿಲ್ಲದ ಬಡವರು ಊರಲ್ಲೇ ಇರುವುದಿಲ್ಲ, ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗಿರುತ್ತಾರೆ. ಆದರೆ ಊರ ಜಾತ್ರೆಗೆ ಹೇಗಾದರೂ ಬಂದೇ ಬರುತ್ತಾರೆ. ಗ್ರಾಮಸಭೆಯನ್ನು ಜಾತ್ರೆಯ ಮರುದಿನ ಇಡಿ ಅಂತ ಶಾಸಕರು ಪಂಚಾಯಿತಿಗೆ ಒಂದು ಮಾತು ಹೇಳಲಿ.

ನಮಸ್ಕಾರ.