ಹಾಲುಹಲ್ಲು ಹೇಗೂ ಬೀಳುತ್ತಲ್ಲ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಹಲ್ಲಿನ ಡಾಕ್ಟರ್ ಆಗಿ ನಾನು ಅತಿ ಹೆಚ್ಚು ಕೇಳಿರುವ ಮಾತು ಯಾವುದು ಗೊತ್ತಾ? “ಹಾಲುಹಲ್ಲು ಹೇಗೂ ಬೀಳುತ್ತಲ್ಲ ಡಾಕ್ಟ್ರೇ, ಅದಕ್ಯಾಕೆ ಇಷ್ಟೆಲ್ಲ?”

ಬೀಳುತ್ತೆ, ನಿಜ. ಆದರೆ ಯಾವಾಗ? ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಬಾಯಲ್ಲೇ ಇರಬೇಕು. ಮೂರು ವರ್ಷಕ್ಕೇ ಅವು ಹುಳುಕಾದರೆ ಆ ಮಗು ಇನ್ನೂ ಏಳೆಂಟು ವರ್ಷ ಯಾವುದರಲ್ಲಿ ಅಗಿಯಬೇಕು ಹೇಳಿ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಐದು ವರ್ಷ ಅವನಿಗೆ. ಊಟಕ್ಕೆ ತುಂಬಾ ಹಟ ಮಾಡ್ತಾನೆ ಅಂತ ಮನೆಯಲ್ಲಿ ದಿನಾ ಬೈಗುಳ. ಅವನ ಟೀಚರ್ ಮಾತ್ರ ಬೇರೆ ಏನನ್ನೋ ಗಮನಿಸಿದರು. ಊಟದ ಡಬ್ಬಿಯಲ್ಲಿ ಮೆತ್ತಗಿರುವುದನ್ನಷ್ಟೇ ತಿಂತಾನೆ, ಗಟ್ಟಿ ಇದ್ದದ್ದು ಹಾಗೇ ವಾಪಸ್. ಅಗಿಯುವಾಗ ತಲೆ ಬಲಕ್ಕೆ ವಾಲಿಸ್ತಾನೆ. ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿದರು. ಅಮ್ಮ ಆ ಡೈರಿ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಬಾಯಿ ತೆರೆಸಿದೆ. ಎಡಗಡೆ ಕೆಳಗೆ ಎರಡು ದವಡೆ ಹಲ್ಲು, ಒಳಗೆಲ್ಲ ಟೊಳ್ಳು. “ನೋವಾಗ್ತಿತ್ತಾ ಪುಟ್ಟಾ?” ಅಂದೆ. ಅವನು ಎಡಗೆನ್ನೆ ಮುಟ್ಟಿ ಹೇಳಿದ: “ಈ ಕಡೆ ಊಟಕ್ಕಲ್ಲ.”

ಎಲ್ಲರ ಬಾಯಿಯೂ ಹಾಗೇ ಇರುತ್ತೆ ಅಂದುಕೊಂಡಿದ್ದ ಅವನು! ಎಷ್ಟು ತಿಂಗಳಿಂದಲೋ. ಅಮ್ಮ ಅಲ್ಲೇ ಅತ್ತುಬಿಟ್ಟರು. “ದಿನಾ ಅವನೇ ಬ್ರಷ್ ಮಾಡ್ತಾನಲ್ಲ” ಅಂದರು.

ತೊಂದರೆ ಇರುವುದು ಅಲ್ಲೇ. ಏಳೆಂಟು ವರ್ಷದವರೆಗೆ ಮಗುವಿನ ಕೈ ಹಿಂದಿನ ಹಲ್ಲಿನವರೆಗೆ ಸರಿಯಾಗಿ ತಿರುಗುವುದಿಲ್ಲ. ಅವರು ಮಾಡಲಿ, ಅಭ್ಯಾಸವಾಗಲಿ. ಆಮೇಲೆ ನೀವು ಒಂದು ಸಲ ಮಾಡಿ. ಮಗುವಿನ ಹಿಂದೆ ಕೂತು, ತಲೆಯನ್ನು ನಿಮ್ಮ ಮಡಿಲಿಗೆ ಒರಗಿಸಿಕೊಳ್ಳಿ. ಬಾಯಿಯೊಳಗೆ ಎಲ್ಲ ಕಾಣುತ್ತೆ. ಫ್ಲೋರೈಡ್ ಇರುವ ಪೇಸ್ಟ್, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಹಾಗೇ ಮೇಲ್ದುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸೀಮೆಸುಣ್ಣದ ಗೆರೆಯಂತೆ ಬೆಳ್ಳಗೆ ಕಂಡರೆ ಅದು ಹುಳುಕಿನ ಶುರು. ಆ ಹಂತದಲ್ಲಿ ಬಂದರೆ ಕೊರೆಯದೆಯೇ ತಡೆಯಬಹುದು. ತೂತು ಬಿದ್ದ ಮೇಲೆ ಹಾಗಲ್ಲ.

ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲಿನ ಸಕ್ಕರೆ ತೊಳೆದುಹೋಗದೆ ಹಲ್ಲಿನ ಮೇಲೇ ನಿಲ್ಲುತ್ತೆ. “ಹಾಲುಹಲ್ಲು ತಾನೇ” ಅನ್ನಬೇಡಿ, ಅದರ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಶಾಶ್ವತ ಹಲ್ಲಿನದಕ್ಕಿಂತ ತೆಳು, ಹುಳುಕು ಬೇಗ ಒಳಗಿಳಿಯುತ್ತೆ. ಸಿಹಿಯಲ್ಲೂ ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಮುಖ್ಯ. ಪ್ರತಿ ಸಲವೂ ಬಾಯಲ್ಲಿ ಆಮ್ಲ ಹುಟ್ಟುತ್ತೆ, ಅದು ಇಳಿಯಲು ಅರ್ಧ ಗಂಟೆಯಾದರೂ ಬೇಕು. ಮಧ್ಯಾಹ್ನವೆಲ್ಲ ಒಂದೊಂದೇ ಮಿಠಾಯಿ ಚೀಪುವ ಮಗುವಿನ ಹಲ್ಲಿಗೆ ಬಿಡುವೇ ಇಲ್ಲ, ಅಲ್ವಾ? ಟೀಚರ್‌ಗಳೇ, ಬಹುಮಾನಕ್ಕೆ ಚಾಕೊಲೇಟ್ ಬೇಡ, ಪೆನ್ಸಿಲ್ ಕೊಡಿ. ಊಟವಾದ ಮೇಲೆ ಇಡೀ ತರಗತಿಗೆ ಬಾಯಿ ಮುಕ್ಕಳಿಸಲು ಎರಡೇ ನಿಮಿಷ ಸಾಕು.

ಸಮಯವಾಯಿತು ಅಂತ ಚೀಟಿ ಬಂದಿದೆ. ಇನ್ನೆರಡು ಮಾತು, ಬೇಗ ಹೇಳಿಬಿಡುತ್ತೇನೆ.

ಆರು ವರ್ಷದ ಹೊತ್ತಿಗೆ ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಶಾಶ್ವತ ಹಲ್ಲು. ಅದು ಹೋದರೆ ಇನ್ನೊಂದು ಬರಲ್ಲ.

ಇದು ಟೀಚರ್‌ಗಳಿಗೆ. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಕಿತ್ತು ಬಂದರೆ ಎಸೆಯಬೇಡಿ. ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕಿಕೊಂಡು ತಕ್ಷಣ ಹಲ್ಲಿನ ಡಾಕ್ಟರ್ ಹತ್ತಿರ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಉಳಿಯುವ ಸಾಧ್ಯತೆ ಜಾಸ್ತಿ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು, ಕೆಳಗಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತೆ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಮಗುವಿನ ತುಟಿ ಎತ್ತಿ ನೋಡುತ್ತಿದ್ದಾರೆ. ಇಲ್ಲಿಗೇ ಕರ್ಕೊಂಡು ಬನ್ನಿ ಅಮ್ಮಾ, ಬೆಳಕಿದೆ, ಒಟ್ಟಿಗೇ ನೋಡೋಣ.