ರೊಟ್ಟಿ ಹಂಚಿನ ಮೇಲೆ ಪಿಜ್ಜಾ ಸ್ಯಾಂಡ್‌ವಿಚ್

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರದ ಅಡುಗೆಮನೆಗಳಲ್ಲಿ ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಇದ್ದೇ ಇರುತ್ತದೆ. ಪಿಜ್ಜಾ ರುಚಿಯ ಚೀಸ್ ಸ್ಯಾಂಡ್‌ವಿಚ್‌ಗೆ ಅದೊಂದೇ ಸಾಕು, ಓವನ್ ಬೇಡ. ಆದರೆ ರೊಟ್ಟಿಗೆ ಇಡುವ ಉರಿ ಇದಕ್ಕೆ ನಡೆಯುವುದಿಲ್ಲ. ಆ ಕಾವಿಗೆ ಬ್ರೆಡ್ ಇಟ್ಟರೆ ಒಂದೇ ನಿಮಿಷಕ್ಕೆ ಹೊರಗೆ ಕರಕಾಗುತ್ತದೆ, ಒಳಗಿನ ಚೀಸ್ ತಣ್ಣಗೆ ಹಾಗೇ ಇರುತ್ತದೆ. ಚೀಸ್ ಕರಗಲು 60 ಡಿಗ್ರಿ ಆಸುಪಾಸಿನ ಬಿಸಿ ಸಾಕು. ಆ ಬಿಸಿ ಬ್ರೆಡ್ಡಿನ ದಪ್ಪ ದಾಟಿ ಒಳಗೆ ಹೋಗಲು ಹೊತ್ತು ಬೇಕು, ಅಷ್ಟೇ.

ಎರಡು ಸ್ಯಾಂಡ್‌ವಿಚ್‌ಗೆ ಲೆಕ್ಕ ಹೇಳುತ್ತೇನೆ. ಮೊದಲು ಸಾಸ್. ಚೆನ್ನಾಗಿ ಹಣ್ಣಾದ 2 ಟೊಮ್ಯಾಟೊ ತುರಿಯಿರಿ. ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. 2 ಸಣ್ಣ ಚಮಚ ಎಣ್ಣೆಗೆ 4 ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿ, ಅದು ಕೆಂಪಾಗುವ ಮೊದಲೇ ಟೊಮ್ಯಾಟೊ ಸುರಿಯಿರಿ. ಬಳ್ಳೊಳ್ಳಿ ಸೀದರೆ ಸಾಸೆಲ್ಲ ಕಹಿ. ಕಾಲು ಚಮಚ ಉಪ್ಪು, ಅರ್ಧ ಚಮಚ ಬ್ಯಾಡಗಿ ಖಾರದ ಪುಡಿ, ಚಿಟಿಕೆ ಸಕ್ಕರೆ ಹಾಕಿ 10ರಿಂದ 12 ನಿಮಿಷ ಕುದಿಸಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದು ನೋಡಿ. ಗೆರೆ ಹಾಗೇ ನಿಂತು, ಅಂಚಿನಲ್ಲಿ ಎಣ್ಣೆ ಬಿಡಬೇಕು. ಗೆರೆ ಮುಚ್ಚಿಕೊಂಡರೆ ಇನ್ನೂ ನೀರಿದೆ. ಬ್ರೆಡ್ಡನ್ನು ಮುದ್ದೆ ಮಾಡುವುದು ಆ ನೀರೇ. ಇಳಿಸುವಾಗ ಅರ್ಧ ಚಮಚ ಒರೆಗಾನೊ ಎಂಬ ಘಮದ ಒಣ ಎಲೆ ಅಂಗೈಯಲ್ಲಿ ತಿಕ್ಕಿ ಉದುರಿಸಿ. ಅದು ಸಿಗದಿದ್ದರೆ ಒಂದು ಚಿಟಿಕೆ ಅಜವಾನ ಜಜ್ಜಿ ಹಾಕಿ. ಎರಡರಲ್ಲೂ ಥೈಮಾಲ್ ಎಂಬ ಘಮದ ಸತ್ವವಿದೆ. ಚಿಟಿಕೆಗಿಂತ ಹೆಚ್ಚು ಬೇಡ, ಅಜವಾನದ ಘಾಟು ಬೇಗ ಮೇಲಾಗುತ್ತದೆ.

ಒಂದೊಂದು ಸ್ಯಾಂಡ್‌ವಿಚ್‌ಗೆ 50 ಗ್ರಾಂ ಮೊಝರೆಲ್ಲಾ ಚೀಸ್, ಜೊತೆಗೆ ಪ್ರೊಸೆಸ್ಡ್ ಚೀಸಿನ ಒಂದು ಸ್ಲೈಸ್. ಎಳೆ ಬರುವುದು ಮೊಝರೆಲ್ಲಾದಿಂದ. ಉಪ್ಪು, ಕೆನೆಯಂಥ ಮೆತ್ತನೆ ಇನ್ನೊಂದರಿಂದ. ಇಂಡಿ ತಾಲೂಕಿನ ನಿಂಬೆಹಣ್ಣು ಹಿಂಡಿ ಮನೆಯಲ್ಲೇ ಒಡೆಸಿದ ಪನೀರ್ ಎಷ್ಟು ತಾಜಾ ಇದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಹುಳಿಯಿಂದ ಒಡೆದ ಹಾಲಿನ ಗಟ್ಟಿ ಭಾಗ ಕಾಯಿಸಿದರೆ ಬಿಗಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಫ್ರೀಜರಿನ ಮೊಝರೆಲ್ಲಾ ಆದರೆ 20 ನಿಮಿಷ ಮೊದಲೇ ಹೊರಗಿಡಿ.

ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ ತೆಳ್ಳಗೆ ಹೆಚ್ಚಿ, ಜೋರು ಉರಿಯಲ್ಲಿ 2 ನಿಮಿಷ ಬಾಡಿಸಿ ನೀರು ಹಾರಿಸಿಕೊಳ್ಳಿ. ಈಗ ಜೋಡಿಸುವುದು. ಸಾಸನ್ನು ನೇರ ಬ್ರೆಡ್ಡಿಗೆ ಹಚ್ಚಬೇಡಿ. ಕೆಳಗಿನ ಹೋಳಿಗೆ ಅರ್ಧ ಚೀಸ್, ಅದರ ಮೇಲೆ ಒಂದೂವರೆ ಚಮಚ ಸಾಸ್, ಕಾಯಿಪಲ್ಲೆ, ಮತ್ತೆ ಉಳಿದ ಚೀಸ್, ಆಮೇಲೆ ಮೇಲಿನ ಹೋಳು. ಎರಡೂ ಕಡೆ ಚೀಸೇ ಬ್ರೆಡ್ಡಿಗೆ ತಾಗಿದ್ದರೆ ಸಾಸಿನ ಹಸಿ ಒಳಗೆ ಇಳಿಯುವುದಿಲ್ಲ, ಹೋಳುಗಳೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹೊರಮೈಗೆ ಒಂದೊಂದು ಬದಿಗೂ ಒಂದು ಸಣ್ಣ ಚಮಚ ಬೆಣ್ಣೆ, ಅಂಚಿನವರೆಗೂ ಸವರಿ. ನಮ್ಮ ಕಡೆಯ ಬ್ಯಾಸಗಿಯಲ್ಲಿ ಬೆಣ್ಣೆ ನೀರಾಗಿ ನಿಂತಿರುತ್ತದೆ. ಹಾಗೇ ಹಚ್ಚಿದರೆ ಬ್ರೆಡ್ ಹೀರಿಕೊಂಡುಬಿಡುತ್ತದೆ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಹಂಚು ಸಣ್ಣ ಉರಿಯಲ್ಲಿ 3 ನಿಮಿಷ ಕಾಯಲಿ. ನೀರು ಚಿಮುಕಿಸಿದರೆ ಮೆಲ್ಲಗೆ ಚುಂಯ್ ಎನ್ನಬೇಕು. ಹನಿ ಪುಟಿದು ಓಡಿದರೆ ಕಾವು ಹೆಚ್ಚಾಗಿದೆ, ಇಳಿಸಿ ಆರಿಸಿ. ಸ್ಯಾಂಡ್‌ವಿಚ್ ಇಟ್ಟು 2 ನಿಮಿಷ ಮುಚ್ಚಳ ಮುಚ್ಚಿ. ತೆಗೆಯುವಾಗ ಮುಚ್ಚಳದ ಹನಿ ಬ್ರೆಡ್ಡಿನ ಮೇಲೆ ಬೀಳದಂತೆ ಪಕ್ಕಕ್ಕೆ ಸರಿಸಿ. ಮುಚ್ಚಳವಿಲ್ಲದೆ ಇನ್ನೆರಡು ನಿಮಿಷ ಬಿಟ್ಟು, ತಳ ಹೊಂಬಣ್ಣಕ್ಕೆ ಬಂದಾಗ ಮಗುಚಿ. ಆಚೆ ಬದಿಗೆ 3 ನಿಮಿಷ. ಒತ್ತಬೇಡಿ, ಚೀಸ್ ಹೊರಗೆ ಹರಿದು ಹಂಚಿಗೆ ಹತ್ತುತ್ತದೆ.

ಇಳಿಸಿದ್ದನ್ನು ತಟ್ಟೆಯ ಮೇಲೆ ಇಡಬೇಡಿ, ಅಡಿಯಲ್ಲಿ ಬೆವರಿ ಮೆತ್ತಗಾಗುತ್ತದೆ. ಜಾಲರಿಯ ಮೇಲಿಟ್ಟು 2 ನಿಮಿಷ ತಡೆದು, ಹಲ್ಲಿನ ಚಾಕುವಿನಿಂದ ಮೂಲೆಯಿಂದ ಮೂಲೆಗೆ ಕೊಯ್ಯಿರಿ.